ತೌಡಿಗೆ ಕೊಂಡ ಮಗ

ಐದು ತಿಂಗಳು ಕಾಯಿಸಿ ಬಂದ ಕಾಗದದಲ್ಲಿ ಕೆಲಸಕ್ಕೆ ಬರುವ ಸಾಲು ಒಂದೇ ಇತ್ತು. ಠಾಣೆಯ ಹವಾಲ್ದಾರ ಅದನ್ನು ಮೊದಲು ಇಂಗ್ಲಿಷಿನಲ್ಲಿ ಓದಿದ, ಆಮೇಲೆ ಹಿಂದಿಯಲ್ಲಿ ಹೇಳಿದ. ಮಂಗಲಾಗೆ ಎರಡೂ ಪೂರ್ತಿ ತಿಳಿಯಲಿಲ್ಲ. ಮೂರನೆಯ ಸಲ ಮುರ್ತುಜಾಸಾಬ ಕನ್ನಡದಲ್ಲಿ ಹೇಳಿದ. ಅವನು ಅವಳ ಗಂಡನ ಜೊತೆ ಹಮಾಲಿ ಮಾಡುತ್ತಿದ್ದವನು, ಇಳಕಲ್ ಕಡೆಯವನು. ಹದಿನೆಂಟು ವರ್ಷದಿಂದ ಗೋವಾದಲ್ಲಿದ್ದು ಕೊಂಕಣಿ, ಹಿಂದಿ ಎರಡನ್ನೂ ನೀರು ಕುಡಿದಂತೆ ಆಡುತ್ತಿದ್ದ.

“ರಕ್ತ ಕೂಡಿ ಬಂದಿಲ್ಲಂತ, ತಂಗಿ. ಆ ಹೆಣ ನಮ್ಮ ತಿಪ್ಪಣ್ಣಂದಲ್ಲ ಅಂತ ಹೈದರಾಬಾದಿನ ಲ್ಯಾಬಿನವರು ಬರದಾರ.”

“ಮತ್ತ ಯಾರದಂತ?”

ಮುರ್ತುಜಾಸಾಬ ಕೇಳಿದ. ಹವಾಲ್ದಾರ ಭುಜ ಹಾರಿಸಿ, “ಕ್ಯಾ ಮಾಲೂಮ್” ಎಂದ.

“ಹಂಗಾರ ನಮ್ಮ ಮನ್ಯಾವ್ರು ಎಲ್ಲಿ ಅದಾರಂತ?”

ಅದಕ್ಕೂ ಹವಾಲ್ದಾರನ ಬಳಿ ಅದೇ ಉತ್ತರವಿತ್ತು. ಮಂಗಲಾಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಗೊತ್ತಿಲ್ಲ ಎಂದು ಹೇಳುವುದಕ್ಕೆ ಐದು ತಿಂಗಳು, ಹೈದರಾಬಾದು, ಮೂರು ಮೊಹರು ಬೇಕಿತ್ತೇ? ಅವಳನ್ನು ಕೇಳಿದ್ದರೆ ಮೊದಲ ದಿನವೇ ಪುಕ್ಕಟೆ ಹೇಳುತ್ತಿದ್ದಳು.

ಆದದ್ದಿಷ್ಟು. ೨೦೦೮ರ ಫೆಬ್ರವರಿಯಲ್ಲಿ ಕೊರ್ಲಿಮಿನ ಕಾರ್ಖಾನೆಗಳ ಸಾಲಿನ ಹಿಂದೆ ಬಣ್ಣದ ಡಬ್ಬಿ ತುಂಬಿದ್ದ ಒಂದು ಗೋದಾಮಿಗೆ ಬೆಂಕಿ ಬಿತ್ತು. ಒಳಗಿಂದ ನಾಲ್ಕು ಹೆಣ ಬಂದವು, ಯಾವುದಕ್ಕೂ ಮುಖವಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ ಮೂವರನ್ನು ಅವರವರ ಮನೆಯವರು ಒಯ್ದರು. ನಾಲ್ಕನೆಯದು ಉಳಿಯಿತು. ತಿಪ್ಪಣ್ಣ ಅಂದು ಬೆಳಿಗ್ಗೆ ಅದೇ ಗೋದಾಮಿಗೆ ಕೆಲಸಕ್ಕೆ ಹೋದವನು ಈ ಹೊತ್ತಿನವರೆಗೆ ತಿರುಗಿ ಬಂದಿಲ್ಲ. ಗುತ್ತಿಗೆದಾರ ಮಾತ್ರ, “ಅವನು ಊಟಕ್ಕೆ ಹೋದವನು ಬರಲೇ ಇಲ್ಲ, ಎಲ್ಲಿಗೋ ಓಡಿಹೋಗಿದ್ದಾನೆ” ಎಂದು ಹೇಳಿಕೆ ಬರೆಸಿ ಕೈ ತೊಳೆದುಕೊಂಡಿದ್ದ. ಹೀಗೆ ಸರ್ಕಾರದ ಹತ್ತಿರ ಹೆಸರಿಲ್ಲದ ಹೆಣ ಒಂದಿತ್ತು, ಹೆಣವಿಲ್ಲದ ಹೆಸರು ಒಂದಿತ್ತು. ಒಂದನ್ನು ಎತ್ತಿ ಇನ್ನೊಂದರ ಪಕ್ಕ ಇಡುವಷ್ಟು ಬುದ್ಧಿ ಯಾರಿಗೂ ಬರಲಿಲ್ಲ.

ಮಂಗಲಾ ಗುರುತು ಹಿಡಿದಿದ್ದಳು. ಸೊಂಟದ ಬೆಳ್ಳಿಯ ಉಡದಾರದ ಕೊಂಡಿ ಮುರಿದಾಗ ತಾಮ್ರದ ತಂತಿ ಸುತ್ತಿ ಬಿಗಿದವಳು ಅವಳೇ. ಕರಿಕಾದ ಆ ಉಡದಾರವನ್ನೂ ತಂತಿಯನ್ನೂ ತೋರಿಸಿದರೆ ಇದೇ ಹವಾಲ್ದಾರ, ನಿಮ್ಮ ಕಡೆಯವರೆಲ್ಲ ಇದನ್ನು ಹಾಕುತ್ತೀರಿ, ಇದು ಪುರಾವೆಯಲ್ಲ ಎಂದಿದ್ದ. ಗಂಡನ ಹೆಸರು ಹೇಳಬಾರದ ಬಾಯಿಂದ ಅವಳು ಈ ಠಾಣೆಯಲ್ಲಿ ಆ ಹೆಸರನ್ನು ಹತ್ತು ಸಲ ಹೇಳಿದ್ದಳು. ಅದೂ ಪುರಾವೆಯಾಗಲಿಲ್ಲ. ಮದುವೆಯಾಗಿ ಹನ್ನೊಂದು ತಿಂಗಳು, ಮಕ್ಕಳಿಲ್ಲ. ಇದ್ದಿದ್ದರೆ ಅದರ ರಕ್ತ ಸಾಕಾಗುತ್ತಿತ್ತು. ಇರಲಿಲ್ಲವಾದ್ದರಿಂದ ತಾಯಿಯ ರಕ್ತ ಕೇಳಿದ್ದರು.

ಹೊರಡುವಾಗ ಹವಾಲ್ದಾರ ಇನ್ನೊಂದು ಮಾತು ಹೇಳಿದ. ಇನ್ನು ಹದಿನೈದು ದಿನದಲ್ಲಿ ಹಕ್ಕುದಾರರು ಯಾರೂ ಬರದಿದ್ದರೆ ಹೆಣವನ್ನು ಬೇವಾರಸಿ ಎಂದು ಬರೆದು ಸುಟ್ಟುಬಿಡುತ್ತಾರೆ. ಆಮೇಲೆ ಯಾರು ಬಂದು ಗೋಳಾಡಿದರೂ ಪ್ರಯೋಜನವಿಲ್ಲ.

ಜುಲೈ ತಿಂಗಳ ಮಳೆ ಸುರಿಯುತ್ತಿತ್ತು. ದಾರಿಯುದ್ದಕ್ಕೂ ಮಂಗಲಾ ಕೊಡೆ ಬಿಚ್ಚಲಿಲ್ಲ. ಊರಿನಲ್ಲಿ ಆಗಲೇ ಮಾತು ಹಬ್ಬಿತ್ತು, ತಿಪ್ಪಣ್ಣ ಗೋವಾದಲ್ಲಿ ಯಾವಳನ್ನೋ ಕಟ್ಟಿಕೊಂಡು ಹೋದನಂತೆ ಎಂದು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಬೆಂಕಿಯಲ್ಲಿ ಬೆಂದವನನ್ನು ಓಡಿಹೋದವನು ಎನ್ನುತ್ತಿದ್ದರು, ಅವನನ್ನು ಮಣ್ಣು ಮಾಡಲು ಕೊಡಿ ಎಂದವಳನ್ನು ಹುಚ್ಚಿ ಎನ್ನುತ್ತಿದ್ದರು. ಅವಳ ಹಣೆಯ ಕುಂಕುಮ ಇರಬೇಕೋ ಅಳಿಸಬೇಕೋ ಎಂಬುದನ್ನೂ ಯಾವ ಕಚೇರಿಯೂ ಹೇಳುತ್ತಿರಲಿಲ್ಲ.

ಚಾಳಿನ ಕೋಣೆಯಲ್ಲಿ ಇಬ್ಬರು ಮುದುಕಿಯರು ಕಾಯುತ್ತಿದ್ದರು. ಫೆಬ್ರವರಿಯಲ್ಲಿ ಸುದ್ದಿ ಕೇಳಿ ಮುದ್ದೇಬಿಹಾಳದ ಕಡೆಯ ಊರಿನಿಂದ ಒಂದೇ ಬಸ್ಸಿನಲ್ಲಿ ಬಂದವರು ತಿರುಗಿ ಹೋಗಿರಲಿಲ್ಲ. ಹತ್ತು ಅಡಿಯ ಕೋಣೆಯಲ್ಲಿ ಐದು ತಿಂಗಳಿಂದ ಒಬ್ಬರ ಕಾಲು ಒಬ್ಬರ ತಲೆಗೆ ತಾಗಿಸಿಕೊಂಡು ಮಲಗುತ್ತಿದ್ದರು, ಎದ್ದು ಜಗಳವಾಡುತ್ತಿದ್ದರು. ಒಬ್ಬಳು ಬಾಳಮ್ಮ, ತಿಪ್ಪಣ್ಣನನ್ನು ಹಡೆದವಳು. ಇನ್ನೊಬ್ಬಳು ಯಲ್ಲವ್ವ, ಊರಲ್ಲಿ ಬಾಳಮ್ಮನ ಪಕ್ಕದ ಮನೆಯವಳು, ಅವನನ್ನು ಕೊಂಡವಳು.

ಕೊಂಡವಳು ಎಂದರೆ ಕೊಂಡವಳೇ. ಬಾಳಮ್ಮನಿಗೆ ಮೊದಲು ಮೂರು ಮಕ್ಕಳಾಗಿ ಮೂರೂ ವರ್ಷ ತುಂಬುವ ಮೊದಲೇ ಮಣ್ಣಿಗೆ ಹೋಗಿದ್ದವು. ನಾಲ್ಕನೆಯದು ಹುಟ್ಟಿದಾಗ ಹಿರಿಯರು ಹೇಳಿದಂತೆ ಕೂಸನ್ನು ಒಯ್ದು ತಿಪ್ಪೆಯ ಮೇಲೆ ಇಟ್ಟರು. ಮಕ್ಕಳಿಲ್ಲದ ಯಲ್ಲವ್ವ ಬಂದು, “ಇದು ನಂದು” ಎಂದು ಎತ್ತಿಕೊಂಡಳು. ಒಂದು ಮೊರ ತೌಡನ್ನು ಬಾಳಮ್ಮನ ಉಡಿಗೆ ಸುರಿದು ಬೆಲೆ ತೀರಿಸಿದಳು. ಅಂದಿನಿಂದ ಕೂಸು ಯಲ್ಲವ್ವನದು, ಬಾಳಮ್ಮ ಅದಕ್ಕೆ ಹಾಲು ಕುಡಿಸುವವಳು ಮಾತ್ರ. ಸಾವು ಬಾಳಮ್ಮನ ಮನೆಗೆ ಮಗನನ್ನು ಹುಡುಕಿಕೊಂಡು ಬಂದರೆ, ಇಲ್ಲಿ ನನ್ನ ಮಗ ಯಾರೂ ಇಲ್ಲ ಎನ್ನಬೇಕಲ್ಲ! ಕೂಸಿಗೆ ತಿಪ್ಪಣ್ಣ ಎಂದು ಹೆಸರಿಟ್ಟರು, ಮೂಗು ಚುಚ್ಚಿಸಿದರು. ಅವನು ಯಲ್ಲವ್ವನನ್ನು ಅವ್ವ ಎಂದೂ, ಹಡೆದವಳನ್ನು ಚಿಗವ್ವ ಎಂದೂ ಕರೆದು ಬೆಳೆದ. ಇಪ್ಪತ್ತಾರು ವರ್ಷ ಬಾಳಮ್ಮ ಅವನನ್ನು ಬಾಯಿತಪ್ಪಿ ಕೂಡ ನನ್ನ ಮಗ ಎಂದಿರಲಿಲ್ಲ.

ಇದೆಲ್ಲ ಮಂಗಲಾಗೆ ಗೊತ್ತಿತ್ತು. ಇಂಥ ಕಥೆ ಅವಳ ತವರಿನ ಓಣಿಯಲ್ಲೂ ಎರಡಿದ್ದವು. ಆದರೆ ಆ ಕಥೆ ಬಸ್ಸು ಹತ್ತಿ ಗೋವಾದ ದೊಡ್ಡಾಸ್ಪತ್ರೆಗೂ ಬಂದೀತೆಂದು ಅವಳು ಎಣಿಸಿರಲಿಲ್ಲ.

“ಅವರದಲ್ಲಂತ್ರಿ ಆ ಹೆಣ,” ಎಂದು ಅವಳು ಒದ್ದೆ ಸೀರೆಯಲ್ಲೇ ಬಾಗಿಲಿಗೆ ಒರಗಿ ಹೇಳಿದಳು.

ಬಾಳಮ್ಮ ಎದ್ದು ನಿಂತಳು. ಮೂಲೆಯ ದೇವರ ಪಟಕ್ಕೆ ಎರಡೂ ಕೈ ಮುಗಿದಳು. “ನಾ ಹೇಳಿದ್ದಿಲ್ಲೇನು? ಯಲ್ಲವ್ವನ ಮಗ ಅದಾನ. ಎಲ್ಲೋ ಕೆಲಸಕ್ಕ ಹೋಗ್ಯಾನ, ಬರತಾನ. ಕರ್ಪೂರ ಎಲ್ಲೈತಿ ತಾ.”

ಯಲ್ಲವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ. “ನನ್ನ ರಕ್ತ ಸುಳ್ಳು ಹೇಳಂಗಿಲ್ಲ,” ಎಂದಳು ಹೆಮ್ಮೆಯಿಂದ.

ಮಂಗಲಾ ಹುಡುಕಿ ತೆಗೆದ ಕರ್ಪೂರದ ಡಬ್ಬಿ ಕೈಯಲ್ಲೇ ಉಳಿಯಿತು. “ನಿಮ್ಮ ರಕ್ತ? ದೊಡ್ಡತ್ತೀ, ನಿಮ್ಮ ರಕ್ತ ಯಾರು ತಗೊಂಡ್ರು?”

“ದವಾಖಾನ್ಯಾಗ. ತಾಯಿ ಯಾರು ಅಂತ ಕೇಳಿದ್ರು. ಕೈ ಚಾಚಿದೆ. ಸೂಜಿ ಚುಚ್ಚಿದ್ರು.”

“ಅತ್ತೀ, ನೀವು ಆವಾಗ ಎಲ್ಲಿದ್ರಿ?”

“ಅಲ್ಲೇ ಬಾಜೂಕ ನಿಂತಿದ್ದೆ,” ಎಂದಳು ಬಾಳಮ್ಮ, ಅದರಲ್ಲಿ ಕೇಳುವಂಥದ್ದೇನು ಎನ್ನುವಂತೆ. “ತಾಯಿ ಈಕೀನ ಅಂತ ನಾನ ಹೇಳಿದೆ.”

ಅಂದು ಮಂಗಲಾ ಗುತ್ತಿಗೆದಾರನ ಗೇಟಿನ ಮುಂದೆ ಹಾಜರಿ ಪುಸ್ತಕ ತೋರಿಸು ಎಂದು ಕೂತಿದ್ದಳು. ಮುದುಕಿಯರನ್ನು ಕರೆದೊಯ್ದವನು ಮುರ್ತುಜಾಸಾಬ. ತಿಪ್ಪಣ್ಣ ಫೋನಿನಲ್ಲಿ ಯಲ್ಲವ್ವನನ್ನು ಅವ್ವ ಎನ್ನುವುದನ್ನು ನೂರು ಸಲ ಕೇಳಿದವನು ಅವನು, ಅವಳನ್ನೇ ಮುಂದೆ ಮಾಡಿದ. ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಖರೇ ಹೇಳಿ ಸೇರಿ ಕೆಲಸ ಕೆಡಿಸಿದ್ದರು. ಬೈಯಬೇಕೆಂದರೆ ಯಾರನ್ನು ಬೈಯುವುದು ಎಂದು ತಿಳಿಯದೆ ಮಂಗಲಾ ಕರ್ಪೂರದ ಡಬ್ಬಿಯನ್ನೇ ಗೋಡೆಗೆ ಎಸೆದಳು.

ಮರುದಿನ ಠಾಣೆಗೆ ಹೋಗಿ ಆದದ್ದನ್ನು ಹೇಳಿದ್ದೇ ತಡ, ಹವಾಲ್ದಾರ ಕುರ್ಚಿಯಿಂದ ಎದ್ದುಬಿಟ್ಟ. ಪರಿಹಾರದ ಆಸೆಗೆ ನಕಲಿ ತಾಯಿಯನ್ನು ತಂದು ನಿಲ್ಲಿಸಿದ್ದೀರಿ, ಮೂವರ ಮೇಲೂ ಕೇಸು ಹಾಕುತ್ತೇನೆ ಎಂದು ಕೂಗಾಡಿದ. ತಿಪ್ಪೆ, ತೌಡು, ಮೂಗು ಚುಚ್ಚಿದ್ದು ಎಂದು ಮುರ್ತುಜಾಸಾಬ ಕೊಂಕಣಿಯಲ್ಲಿ ತಿಳಿಸಿ ಹೇಳಲು ಹೋದಷ್ಟೂ ಮಾತು ಕೆಡುತ್ತ ಹೋಯಿತು. ಕಸದಲ್ಲಿ ಸಿಕ್ಕ ಮಗುವೇ ಎಂದು ಒಬ್ಬ ಕೇಳಿದ, ಮಗು ಮಾರಿದ್ದಕ್ಕೆ ಬೇರೆ ಕೇಸಾಗುತ್ತದೆ ಎಂದು ಇನ್ನೊಬ್ಬ ಹೆದರಿಸಿದ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗಳೇ ನಾಲ್ಕು ಮಂದಿ ಇದ್ದರು. ಮಂಗಲಾ ಬೆಂಚಿನಿಂದ ಏಳಲಿಲ್ಲ. ಬೆಳಿಗ್ಗೆ ಕೂತವಳು ಸಂಜೆ ಸಾಹೇಬ ಬರುವವರೆಗೂ ಕೂತಿದ್ದಳು. ಬೇಸತ್ತ ಸಾಹೇಬ ಕೊನೆಗೆ ಆಸ್ಪತ್ರೆಯ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟ.

ಚೀಟಿ ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಶವಪರೀಕ್ಷೆಯ ವಿಭಾಗದವಳು. ಈ ಐದು ತಿಂಗಳಲ್ಲಿ ಮಂಗಲಾಗೆ ಕೂತುಕೋ ಎಂದ ಸರ್ಕಾರಿ ನೌಕರರಲ್ಲಿ ಮೊದಲನೆಯವಳು. ಮುರ್ತುಜಾಸಾಬ ಹೇಳಿದ್ದನ್ನೆಲ್ಲ ನಗದೆ ಕೇಳಿದಳು. ಆಮೇಲೆ ಇಬ್ಬರು ಮುದುಕಿಯರ ಕಡೆ ತಿರುಗಿ ನಿಧಾನವಾಗಿ ಹೇಳಿದಳು, ಅವನು ಕನ್ನಡಕ್ಕೆ ತಿರುಗಿಸಿದ.

“ಮನಷ್ಯಾನ ಮೈಯಾಗ ಕಣಕಣದಾಗೂ ಒಂದು ಬರಹ ಇರತೈತಂತ, ಡಿಎನ್ಎ ಅಂತಾರ ಅದಕ. ಅರ್ಧ ಹಡದಾಕಿ ಕಡೆಯಿಂದ ಬಂದದ್ದು, ಅರ್ಧ ಅಪ್ಪನ ಕಡೆಯಿಂದ. ಮೈ ಸುಟ್ಟರೂ ಹಲ್ಲಿನ ಒಳಗ ಉಳದಿರತೈತಂತ. ಹಡದಾಕಿ ರಕ್ತಾ ಬಾಜೂಕ ಇಟ್ಟು ನೋಡಿದ್ರ ಅರ್ಧ ಕೂಡಲೇಬೇಕಂತ.”

“ಮತ್ತ ಸಾಕಿದಾಕಿದು?” ಎಂದು ಯಲ್ಲವ್ವ ಕೇಳಿದಳು.

ಡಾಕ್ಟರು ಇಲ್ಲವೆಂದು ತಲೆಯಾಡಿಸಿದಳು. ಸಾಕಿದ್ದು ಅದರಲ್ಲಿ ಬರೆದಿರುವುದಿಲ್ಲ.

“ಜ್ವರ ಬಂದಾಗ ಮೂರು ಹರದಾರಿ ಹೊತಗೊಂಡು ಹೋಗೀನಿ ಅವನ್ನ. ಅದೂ ಎಲ್ಲೂ ಬರದಿಲ್ಲೇನು?” ಎಂದ ಯಲ್ಲವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಗೋಡೆಯ ಕಡೆ ತಿರುಗಿದಳು.

ಡಾಕ್ಟರು ಬಾಳಮ್ಮನನ್ನು ಮೊದಲ ಮಕ್ಕಳ ಬಗ್ಗೆ ಕೇಳಿದಳು. ಮೂರೂ ಬಿಳಿಚಿಕೊಂಡು, ಹೊಟ್ಟೆ ಉಬ್ಬಿ ಹೋದವು ಎಂದು ಬಾಳಮ್ಮ ಹೇಳಿದಳು. ಗಂಡ ಯಾರು ಎಂದರೆ ಸ್ವಂತ ಸೋದರಮಾವ, ಈಗಿಲ್ಲ. ಡಾಕ್ಟರಿಗೆ ಎಲ್ಲ ತಿಳಿದಂತಾಯಿತು. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾರೆ, ಆದರೆ ಒಂದೇ ಮನೆತನದವರಾದ್ದರಿಂದ ಗಂಡ ಹೆಂಡತಿ ಇಬ್ಬರಲ್ಲೂ ರಕ್ತದ ಒಂದೇ ದೋಷ ಅಡಗಿದ್ದಿರಬೇಕು ಎಂದಳು. ಅವರಿಗೆ ಅದರಿಂದ ತೊಂದರೆಯಿಲ್ಲ. ಇಬ್ಬರದೂ ಒಂದೇ ಕೂಸಿಗೆ ಬಂದರೆ ಆ ಕೂಸು ಬದುಕುವುದು ಕಷ್ಟ. ತಿಪ್ಪಣ್ಣನಿಗೆ ಎರಡೂ ಒಟ್ಟಿಗೆ ಬರಲಿಲ್ಲ, ಅದಕ್ಕೇ ಉಳಿದ.

ಬಾಳಮ್ಮನ ಕಣ್ಣು ಕೆಂಪಾದವು. “ಅಕ್ಷರ ಕಲತಾಕಿ ನೀ, ಇರಲಿ ಯವ್ವಾ. ಮೂರು ಕೂಸು ಮಣ್ಣಿಗೆ ಇಟ್ಟಾಕಿ ನಾ. ಮಾರಿದ್ದಕ್ಕ ಉಳೀತು ನಾಕನೇದು. ಮತ್ತೇನಕ್ಕೂ ಅಲ್ಲ.”

ಎರಡನೆಯ ಸಲ ರಕ್ತ ತೆಗೆಯಲು ಡಾಕ್ಟರು ಒಪ್ಪಿದಳು. ಒಂದೇ ಕರಾರು. ಹೋದ ಸಲದ ಗೊಂದಲ ಮತ್ತೆ ಆಗಬಾರದೆಂದು, ಇವನು ನಾನು ಹಡೆದ ಮಗ ಎಂದು ತಾಯಿಯೇ ಪೊಲೀಸರ ಮುಂದೆ ಬಾಯಿಬಿಟ್ಟು ಹೇಳಬೇಕು, ಅದನ್ನು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಬೇಕು. ಸೊಸೆ ಹೇಳಿದರೆ ನಡೆಯದು, ಮುರ್ತುಜಾಸಾಬ ಹೇಳಿದರೂ ನಡೆಯದು.

“ನಾ ಹೇಳಂಗಿಲ್ಲ,” ಎಂದು ಬಾಳಮ್ಮ ಅಲ್ಲಿಂದ ಎದ್ದು ಹೊರಗೆ ನಡೆದಳು.

ಹದಿನೈದರಲ್ಲಿ ಹನ್ನೊಂದು ದಿನ ಹೀಗೇ ಹೋದವು. ಮಂಗಲಾ ಕೇಳದ ರೀತಿಯಿಲ್ಲ. ಕಾಲು ಹಿಡಿದಳು, ಅನ್ನ ಬಿಟ್ಟಳು, ಬೈದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಮುದುಕಿ ತುಟಿ ಬಿಗಿದು ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಕಚೇರಿಯವರ ಜೊತೆ ಜಗಳವಾಡಬಹುದು, ಅವರು ಯಾರೋ ಹೊರಗಿನವರು. ತನ್ನ ಒಲೆಯ ಮುಂದೆಯೇ ಕೂತು, ತಾನು ಬೇಯಿಸಿದ್ದನ್ನು ತಿಂದು, ತನ್ನ ಗಂಡನಿಗೆ ಮಣ್ಣು ಸಿಗದಂತೆ ಮಾಡುತ್ತಿರುವ ಈ ಬಡಕಲು ಜೀವದ ಜೊತೆ ಹೇಗೆ ಜಗಳವಾಡುವುದು? ಕೆಲವೊಮ್ಮೆ ಅವಳಿಗೆ ಅತ್ತೆಯ ಕೈಯಿಂದ ಆ ಅಕ್ಕಿಯ ತಟ್ಟೆಯನ್ನು ಕಿತ್ತು ಹೊರಗೆಸೆಯಬೇಕೆನಿಸುತ್ತಿತ್ತು.

ಹನ್ನೊಂದನೆಯ ದಿನ ಮಧ್ಯಾಹ್ನ ತಡೆಯಲಾಗಲಿಲ್ಲ.

“ನಾ ಗಂಡನ ಹೆಸರ ಹೇಳೇನ್ರಿ, ಅತ್ತೀ! ಹತ್ತ ಮಂದಿ ಗಂಡಸರ ಮುಂದ ಹೇಳೇನಿ! ನನ್ನ ನಾಲಿಗಿ ಬಿದ್ದ ಹೋಗೇತೇನು? ನಿಮಗ ಒಂದ ಮಾತು ಹೇಳಾಕ ಏನು ಧಾಡಿ?”

“ನಾ ನನ್ನಂವ ಅಂತ ಅಂದ ದಿನ ಅದು ಅವನ ಹುಡುಕ್ಕೊಂಡು ಬರತೈತಿ, ಹುಚ್ಚಿ,” ಎಂದಳು ಬಾಳಮ್ಮ ಪಿಸುದನಿಯಲ್ಲಿ, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ.

“ಬಂದು ಹೋಗೇತ್ರಿ! ಫೆಬ್ರವರಿದಾಗನ ಬಂದು ಹೋಗೇತಿ! ನೀವು ಯಾರನ್ನ ಮುಚ್ಚಿ ಇಟ್ಟೀರಿ?”

ಬಾಳಮ್ಮ ತಟ್ಟೆ ಕೆಳಗಿಟ್ಟಳು. ನೆಲ ನೋಡುತ್ತ ಹೇಳಿದಳು.

“ಮಾರಿದ್ದನ್ನ ನಂದು ಅಂತ ಹೆಂಗ ಅನ್ನಲಿ? ಬೆಲಿ ತಗೊಂಡೀನಿ. ಯಲ್ಲವ್ವ ತಿರುಗಿ ಕೊಟ್ರ ಹೇಳತೇನಿ.”

ಮಂಗಲಾಗೆ ಜೀವ ಬಂದಂತಾಯಿತು. ಅದು ಎರಡೇ ಗಳಿಗೆ.

“ನಾ ಕೊಡಂಗಿಲ್ಲ,” ಎಂದಳು ಯಲ್ಲವ್ವ. “ನನಗಿದ್ದಂವ ಅದೊಬ್ಬ ಮಗ. ಸತ್ತ ಮ್ಯಾಲ ಮಾರಾಕ ನಾ ಏನು ಕಟುಕರಾಕೀನ?”

ಒಬ್ಬಳು ನನ್ನವನಲ್ಲ ಎನ್ನುತ್ತಾಳೆ, ಇನ್ನೊಬ್ಬಳು ನನ್ನವನೇ ಎನ್ನುತ್ತಾಳೆ. ನಡುವೆ ಸಿಕ್ಕ ಮಂಗಲಾ ತಲೆಗೆ ಕೈ ಹೊತ್ತು ಕೂತಳು. ಅತ್ತ ಹೋದರೆ ದರಿ, ಇತ್ತ ಬಂದರೆ ಪುಲಿ. ಒಬ್ಬ ಅತ್ತೆಯನ್ನು ಸಂಭಾಳಿಸಲಾರದೆ ಊರ ಹೆಂಗಸರು ಬಾವಿ ನೋಡುತ್ತಾರೆ. ಅವಳಿಗೆ ದೇವರು ಎರಡು ಕೊಟ್ಟಿದ್ದ.

ಮರುದಿನ ಬೆಳಿಗ್ಗೆ ಸೈಕಲ್ಲಿನ ಮೇಲೆ ಪಾಂವ್ ಮಾರುವ ಪದೇರ ಎಂದಿನಂತೆ ಪೊಂವ್ ಪೊಂವ್ ಎಂದು ಹಾರ್ನು ಒತ್ತುತ್ತ ಚಾಳಿನ ಮುಂದೆ ಬಂದ. ಮಂಗಲಾ ಮೂರು ಪೊಯಿ ತೆಗೆದುಕೊಂಡಳು. ಅದು ಗೋವಾದ ಗುಂಡಗಿನ ರೊಟ್ಟಿ, ಹೊರಗೆಲ್ಲ ಒರಟಾಗಿ ತೌಡು ಹಚ್ಚಿರುತ್ತಾರೆ. ದಿನಾ ತಿನ್ನುವ ಮುನ್ನ ಅದನ್ನು ಕೊಡವಿ ಚೆಲ್ಲುತ್ತಿದ್ದವಳು ಇವತ್ತು ಕೈಗೆ ಅಂಟಿದ ತೌಡನ್ನು ನೋಡುತ್ತ ನಿಂತಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಪದೇರನ ಸೈಕಲ್ಲಿನ ಹಿಂದೆಯೇ ಮಳೆಯಲ್ಲಿ ಅವನ ಭಟ್ಟಿಯವರೆಗೆ ನಡೆದಳು. ಕೊಂಕಣಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಭಟ್ಟಿಯ ಮೂಲೆಯಲ್ಲಿದ್ದ ತೌಡಿನ ಚೀಲ ತೋರಿಸಿ ಸೆರಗು ಒಡ್ಡಿದಳು. ಕೋಳಿಗೇ ಎಂದು ಆತ ಕೇಳಿರಬೇಕು. ಅವಳು ಹೌದೆಂದು ತಲೆಯಾಡಿಸಿದಳು.

ತಂದ ತೌಡನ್ನು ಯಲ್ಲವ್ವನ ಮುಂದೆ ಒಂದು ಬೋಗುಣಿಯಲ್ಲಿಟ್ಟಳು. ಬೈಯಲಿಲ್ಲ. ಬೈಯುವ ತ್ರಾಣ ಉಳಿದಿರಲಿಲ್ಲ.

“ದೊಡ್ಡತ್ತೀ, ಇನ್ನ ಮೂರು ದಿನ ಅದಾವು. ಆಮ್ಯಾಲ ಅವರನ್ನ ಬೇವಾರಸಿ ಅಂತ ಬರದು ಸುಡತಾರ. ನಮ್ಮವ್ರಿಗೆ ಒಬ್ಬಾಕಿ ಅಲ್ಲ, ಇಬ್ರು ಅವ್ವಂದಿರು. ಇಬ್ರು ಅವ್ವಂದಿರು ಇದ್ದಂವ ಬೇವಾರಸಿ ಆಗಬೇಕೇನ್ರಿ?”

ಯಲ್ಲವ್ವ ತೌಡಿನೊಳಗೆ ಬೆರಳಾಡಿಸಿದಳು. “ಇದು ಗೋದಿದು. ನಾ ಕೊಟ್ಟಿದ್ದು ಅಕ್ಕಿ ತೌಡು,” ಎಂದಳು. ಬೋಗುಣಿ ಎತ್ತಿಕೊಂಡು, “ಬರತೇನಿ ನಡಿ,” ಎಂದಳು.

ಆಸ್ಪತ್ರೆಯ ಪಡಸಾಲೆಯಲ್ಲಿ, ಹೋಗಿ ಬರುವವರ ಕಾಲುಗಳ ನಡುವೆ ಆ ವ್ಯಾಪಾರ ನಡೆಯಿತು. ಯಲ್ಲವ್ವ ಬೆಂಚಿನ ಮೇಲೆ ಕೂತು ಉಡಿಯೊಡ್ಡಿದಳು. ಬಾಳಮ್ಮ ಎರಡೂ ಕೈಯಿಂದ ತೌಡನ್ನು ಅದರೊಳಗೆ ಸುರಿದಳು. ಕಸ ಮಾಡಬೇಡಿ ಎಂದು ಬಂದ ಝಾಡಮಾಲಿಯನ್ನು ಮುರ್ತುಜಾಸಾಬ ಅಡ್ಡನಿಂತು ತಡೆದ.

“ಕೊಟ್ಟೇನಿ,” ಎಂದಳು ಯಲ್ಲವ್ವ.

“ತಗೊಂಡೇನಿ,” ಎಂದಳು ಬಾಳಮ್ಮ.

ಒಳಗೆ ಹವಾಲ್ದಾರ ಕಾಗದ ಹರವಿಕೊಂಡು ಕೂತಿದ್ದ. ಈ ಸಲ ಬಹಳ ಹುಷಾರಾಗಿದ್ದ. ಬಾಳಮ್ಮನ ಗುರುತಿನ ಚೀಟಿಯನ್ನು ಎರಡೂ ಬದಿ ತಿರುಗಿಸಿ ನೋಡಿದ. ಆಮೇಲೆ ಪೆನ್ನು ಎತ್ತಿ ಕೇಳಿದ, “ತೋ ತುಜೊ ಕೋಣ?”

“ಅಂವ ನಿಮಗ ಏನಾಗಬೇಕು ಅಂತ ಕೇಳಾಕತ್ತಾರ, ಅವ್ವಾರ,” ಎಂದ ಮುರ್ತುಜಾಸಾಬ.

ಬಾಳಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಹವಾಲ್ದಾರ ಪೆನ್ನಿನಿಂದ ಕಾಗದ ಕುಟ್ಟಿದ. ಈ ಒಂದು ಮಾತಿಗಾಗಿ ಮಂಗಲಾ ಎಷ್ಟು ಮೆಟ್ಟಿಲು ಹತ್ತಿಳಿದಿದ್ದಳು, ಯಾರ ಯಾರ ಕಾಲು ಹಿಡಿದಿದ್ದಳು!

“ಮಗ,” ಎಂದಳು ಬಾಳಮ್ಮ. “ನನ್ನ ಮಗ. ನನ್ನ ಹೊಟ್ಟಿಲೇ ಹುಟ್ಟಿದ ಮಗ.”

ಇಪ್ಪತ್ತಾರು ವರ್ಷದಿಂದ ಒಳಗೇ ನುಂಗಿದ್ದು ಒಮ್ಮೆ ಹೊರಗೆ ಬಂದ ಮೇಲೆ ನಿಲ್ಲಲಿಲ್ಲ. ಮುದುಕಿ ಅದನ್ನೇ ಮತ್ತೆ ಮತ್ತೆ ಹೇಳತೊಡಗಿದಳು, ಹೇಳುತ್ತ ಎದೆ ಬಡಿದುಕೊಂಡು ಅಳತೊಡಗಿದಳು. ಹವಾಲ್ದಾರ ಒಂದೇ ಸಲ ಸಾಕು ಎಂದು ಕೈ ಮಾಡಿದ. ಮಂಗಲಾಗೆ ಓಡಿಹೋಗಿ ಅತ್ತೆಯ ಬಾಯಿ ಮುಚ್ಚಬೇಕೆನಿಸಿತು. ಈ ಮಾತು ಬರುವವರೆಗೆ ತನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ ತಿಪ್ಪಣ್ಣ ಎಲ್ಲೋ ಕೆಲಸಕ್ಕೆ ಹೋಗಿದ್ದ, ಬರುವವನಿದ್ದ. ಅದು ಅವಳಿಗೆ ಈಗಷ್ಟೇ ತಿಳಿಯಿತು. ಅತ್ತೆಯ ಹಟವನ್ನು ಬೈಯುತ್ತ ಬೈಯುತ್ತ ತಾನೂ ಅದಕ್ಕೇ ಜೋತುಬಿದ್ದು ಬದುಕಿದ್ದಳು.

ಎರಡನೆಯ ಕಾಗದ ದಸರೆ ಮುಗಿದ ಮೇಲೆ ಬಂತು. ಈ ಸಲ ಹವಾಲ್ದಾರ ಓದುವ ಮೊದಲೇ ಮಂಗಲಾ ಅವನ ಮುಖ ನೋಡಿ ತಿಳಿದುಕೊಂಡಳು. ಕೂಡಿ ಬಂದಿತ್ತು. ಊಟಕ್ಕೆ ಹೋದವನು ಓಡಿಹೋದ ಎಂದಿದ್ದ ಗುತ್ತಿಗೆದಾರನ ಹೇಳಿಕೆಯ ಮೇಲೆ ಸಾಹೇಬ ಕೆಂಪು ಗೆರೆ ಎಳೆದ. ಮಂಗಲಾ ಅಲ್ಲೇ ಠಾಣೆಯ ನಲ್ಲಿಯಲ್ಲಿ ಹಣೆ ತೊಳೆದುಕೊಂಡಳು.

ಹೆಣವನ್ನು ಊರಿಗೆ ಒಯ್ಯಲು ಮುರ್ತುಜಾಸಾಬ ಗಾಡಿ ತಂದು ಶವಾಗಾರದ ಬಾಗಿಲಲ್ಲಿ ನಿಲ್ಲಿಸಿದ. ಬಿಳಿ ಬಟ್ಟೆಯಲ್ಲಿ ಸುತ್ತಿ ತಂದದ್ದು ಕೂಸಿನಷ್ಟೇ ಹಗುರವಿತ್ತು. ಬಾಳಮ್ಮ ಅದರ ತಲೆಯ ಕಡೆ ನಿಂತಳು. ಆಗ ಯಲ್ಲವ್ವ ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಗಂಟನ್ನು ತೆಗೆದಳು. ಬಿಚ್ಚಿದರೆ ಅದೇ ತೌಡು. ಮೂರು ತಿಂಗಳಿಂದ ಹುಳ ಹಿಡಿಯದಂತೆ ಬಿಸಿಲಿಗೆ ಹಾಕುತ್ತ, ಕಟ್ಟಿಡುತ್ತ ಕಾದುಕೊಂಡಿದ್ದಳು.

“ಸರಕಾರದವರ ಕೆಲಸ ಮುಗೀತಲ್ಲ?” ಎಂದಳು. “ತಗೋ ನಿನ್ನ ತೌಡು. ನನ್ನ ಮಗನ್ನ ನನಗ ಕೊಡು.”

ಮತ್ತೆ ಶುರುವಾಯಿತು ಈ ಮುದುಕಿಯರದು, ಇನ್ನು ಈ ಬಾಗಿಲಲ್ಲೇ ಸಂಜೆಯಾಗುತ್ತದೆ ಎಂದು ಮಂಗಲಾ ಹಣೆಗೆ ಕೈ ಒಯ್ದಳು.

ಬಾಳಮ್ಮ ತಲೆಯ ಕಡೆಯ ಜಾಗ ಬಿಟ್ಟು ಈಚೆಗೆ ಸರಿದಳು. ಯಲ್ಲವ್ವನ ಮುಂದೆ ಬಂದು ನಿಂತು ಉಡಿಯೊಡ್ಡಿದಳು.